ಮೂರು ಜೊತೆ ಸ್ಪೇಸರ್

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಮುಂದೆ ಹಳದಿ ಶಾಲಾ ಬಸ್ಸೊಂದು ಬಂದು ನಿಂತಿತು. ಮಕ್ಕಳಿರಲಿಲ್ಲ. ಇಳಿದವಳು ಚಾಲಕಿಯೊಬ್ಬಳೇ. ಮೂವತ್ತರ ಆಸುಪಾಸಿನ ಹೆಂಗಸು. ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಸಿಡಿಲು.

ದೂರು ಬರೆದುಕೊಳ್ಳಲು ಕೂತವನು ಹೆಡ್ ಕಾನ್‌ಸ್ಟೇಬಲ್. ಗಂಟೆ ಎಷ್ಟೆಂದು ಕೇಳಿದರೆ ಗಡಿಯಾರ ಹುಟ್ಟಿದ ಕತೆಯಿಂದ ಶುರುಮಾಡುವ ಆಸಾಮಿಯಾದ್ದರಿಂದ ಠಾಣೆಯವರೆಲ್ಲ ಅವನನ್ನು ‘ಪುರಾಣ’ ಎಂದೇ ಕರೆಯುತ್ತಿದ್ದರು. ಅಂದು ಅವನಿಗೆ ಸೇರಿಗೆ ಸವ್ವಾಸೇರು ಸಿಕ್ಕಿತು.

“ಕಳುವಾಗಿದ್ದು ಏನಮ್ಮ?”

“ಕ್ವಾಡ್ ಬೈಕು ಸಾರ್.”

“ಹಾಗಂದ್ರೆ?”

“ನಾಲ್ಕು ದಪ್ಪ ಚಕ್ರ ಇರುತ್ತೆ. ಕುದುರೆ ಮೇಲೆ ಕೂತ ಹಾಗೆ ಕೂತು ಹ್ಯಾಂಡಲ್ ಹಿಡಿದು ಓಡಿಸೋದು. ಮಣ್ಣಿನ ಮೈದಾನದಲ್ಲಿ ರೇಸ್ ಬಿಡ್ತಾರಲ್ಲ, ಅದು.”

“ಬಣ್ಣ?”

“ಕೆಂಪು. ಬಣ್ಣ ಬಿಡಿ ಸಾರ್, ಬಣ್ಣ ಯಾರು ಬೇಕಾದ್ರೂ ಬದಲಾಯಿಸ್ತಾರೆ. ಗುರುತು ಬರ್ಕೊಳ್ಳಿ. ಏರ್ ಫಿಲ್ಟರ್ ಡಬ್ಬದ ಮುಚ್ಚಳಕ್ಕೆ ತೂತು ಕೊರೆದಿದೀನಿ, ಗಾಳಿ ಜಾಸ್ತಿ ಎಳೀಲಿ ಅಂತ. ಅದಕ್ಕೆ ತಕ್ಕ ಹಾಗೆ ಕಾರ್ಬುರೇಟರ್ ಜೆಟ್ ದೊಡ್ಡದು. ಮುಂದಿನ ಚೈನ್ ಚಕ್ರದಲ್ಲಿ ಒಂದು ಹಲ್ಲು ಕಮ್ಮಿ. ತಿರುವಿನಿಂದ ಎದ್ದು ಬಂತು ಅಂದ್ರೆ ಬಾಣ. ಸೈಲೆನ್ಸರ್ ಒಳಗಿನ ಹತ್ತಿ ನಾನೇ ತುಂಬಿದ್ದು. ಹಿಂದಿನ ಎರಡೂ ಚಕ್ರಕ್ಕೆ ಸ್ಪೇಸರ್ ಇದೆ.”

“ಸ್ಪೇಸರ್?”

“ಹೆಬ್ಬೆರಳು ದಪ್ಪದ ಲೋಹದ ಬಿಲ್ಲೆ ಸಾರ್. ಅಚ್ಚಿಗೂ ಚಕ್ರಕ್ಕೂ ಮಧ್ಯೆ ಕೂರಿಸಿದ್ರೆ ಚಕ್ರ ಆಚೆ ಸರಿದು ಕೂರುತ್ತೆ. ಗಾಡಿ ಕಾಲು ಅಗಲಿಸಿ ನಿಂತ ಹಾಗೆ. ಎಷ್ಟೇ ಜೋರಾಗಿ ತಿರುಗಿಸಿದ್ರೂ ಮಗುಚಲ್ಲ.”

ಪುರಾಣ ಪೆನ್ನು ಕೆಳಗಿಟ್ಟ. “ಅಮ್ಮಾ, ಗಾಡಿ ಗುರುತು ಕೇಳಿದ್ರೆ ಜಾತಕ ಓದ್ತಿದೀರಲ್ಲ.”

“ಗುಜರಿಗೆ ಹೋಗ್ತಿದ್ದದ್ದನ್ನ ತಂದು, ಎರಡು ವರ್ಷ ಕೂತು, ಅಲ್ಲೊಂದು ಇಲ್ಲೊಂದು ಅಗ್ಗದ ಸಾಮಾನು ಹಾಕಿ ಎಬ್ಬಿಸಿದೀನಿ ಸಾರ್. ದುಡ್ಡಿರೋರು ಇಡೀ ಗಾಡಿಯನ್ನೇ ಕೊಂಡ್ಕೋತಾರೆ. ನಾನು ಇದರ ಒಂದೊಂದು ನಟ್ಟನ್ನೂ ಸಾಕಿದೀನಿ. ಭಾನುವಾರ ರೇಸು. ಶನಿವಾರ ಸಂಜೆ ಐದರೊಳಗೆ ಮೈದಾನದಲ್ಲಿ ಗಾಡಿ ತಪಾಸಣೆಗೆ ನಿಲ್ಲಿಸದಿದ್ರೆ ಹೆಸರು ಹೊಡೆದುಹಾಕ್ತಾರೆ.”

ಒಳಗಿನ ಕೋಣೆಯಲ್ಲಿ ಕೂತು ಇಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಎದ್ದು ಹೊರಬಂದಳು. ಅವಳಿಗೂ ಒಂದು ಹೆಮ್ಮೆಯಿತ್ತು: ಅವಳು ಮಾಡಿಸಿದ ಪಂಚನಾಮೆಯಲ್ಲಿ ವಕೀಲರು ಬೆರಳು ತೂರಿಸುವಷ್ಟು ಸಂದು ಈವರೆಗೆ ಕಂಡವರಿಲ್ಲ. ಹಾಗಾಗಿ ತಮ್ಮ ಕೆಲಸದ ಬಗ್ಗೆ ಉಬ್ಬಿ ಮಾತಾಡುವವರನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಒಂಥರಾ ನೆಂಟಸ್ತಿಕೆ ಅನ್ನಿಸುತ್ತಿತ್ತು.

“ಎಫ್ಐಆರ್ ಹಾಕಿ. ಎಲ್ಲಾ ಗುರುತೂ ಬರೀರಿ. ತೂತು ಎಷ್ಟು ಅಂತಲೂ ಕೇಳಿ,” ಎಂದಳು.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಪಕ್ಕದ ಮನೆಯ ದರ್ಜಿಯೂ ಎದುರಿನ ಕಾಗದದ ಅಂಗಡಿಯವನೂ ಪಂಚರು. ಚಾಲಕಿಯ ಮನೆಗೆ ಅಂಟಿಕೊಂಡೇ ತಗಡಿನ ಶೆಡ್ಡು, ಅದಕ್ಕೆ ಶಟರು. ಬೀಗ ಒಡೆದಿಲ್ಲ, ಬಾಗಿಲು ಮೀಟಿಲ್ಲ. ಒಳಗೆ ಗೂಟಕ್ಕೆ ನೇತಾಡುವ ದುಬಾರಿ ಹೆಲ್ಮೆಟ್ಟು ಹಾಗೇ ಇದೆ. ಪಾನಾಗಳ ಪೆಟ್ಟಿಗೆಯೂ ಇದೆ.

“ಶಬ್ದ ಕೇಳಿಸಲಿಲ್ವಾ?”

“ಸ್ಟಾರ್ಟ್ ಮಾಡಿದ್ರೆ ಇಡೀ ಬೀದಿ ಎದ್ದು ಕೂರುತ್ತೆ ಮೇಡಂ. ತಳ್ಳಿಕೊಂಡೇ ಹೋಗಿದಾರೆ.”

ಇನ್‌ಸ್ಪೆಕ್ಟರ್ ಅಂಗಳದ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ದಪ್ಪ ಟೈರಿನ ಎರಡು ಗುರುತುಗಳು ಗೇಟಿನ ಕಡೆ ಹೋಗಿ ಎಡಕ್ಕೆ ತಿರುಗಿದ್ದವು.

“ಇದು ಮುಂದಿನ ಟೈರು,” ಎಂದಳು ಚಾಲಕಿ. ಆಮೇಲೆ ಅವಳ ಹುಬ್ಬು ಗಂಟಾಯಿತು. “ಹಿಂದಿನದು ಎಲ್ಲಿ?”

“ನೀವೇ ಹೇಳಬೇಕು.”

“ಹಿಂದಿನ ಎರಡು ಚಕ್ರಕ್ಕೂ ಒಂದೇ ಅಚ್ಚು ಮೇಡಂ. ಎರಡೂ ಒಟ್ಟಿಗೇ ಸುತ್ತೋದು. ತಳ್ಳಿಕೊಂಡು ಹೀಗೆ ತಿರುಗಿಸಿದ್ರೆ ಒಂದು ಚಕ್ರ ನೆಲ ಕೆರೆದೇ ಕೆರೆಯುತ್ತೆ. ಇಲ್ಲಿ ಗೀರೇ ಇಲ್ಲ.”

ಗೀರಿನ ಬದಲು, ಟೈರಿನ ಗುರುತುಗಳ ನಡುವೆ ಎರಡು ತೆಳ್ಳನೆಯ ಗೆರೆಗಳಿದ್ದವು. ಚಾಕುವಿನಿಂದ ಎಳೆದಷ್ಟು ಚೂಪು. ಕಬ್ಬಿಣದ ಪುಟ್ಟ ಗಾಲಿಗಳು. ಗಾಡಿಯ ಹಿಂಭಾಗವನ್ನು ಎತ್ತಿ, ಕೆಲಸದ ಅಂಗಡಿಗಳಲ್ಲಿ ಭಾರದ ಸಾಮಾನು ಸಾಗಿಸುವ ಗಿಡ್ಡ ಟ್ರಾಲಿಯ ಮೇಲೆ ಕೂರಿಸಿ ಒಯ್ದಿದ್ದರು.

“ಕಳ್ಳನಿಗೆ ಗಾಡಿಯ ಸ್ವಭಾವ ಗೊತ್ತು,” ಎಂದಳು ಇನ್‌ಸ್ಪೆಕ್ಟರ್.

“ಟೈರು ಸವೆಯಬಾರದು ಅಂತಲೂ ನೋಡಿದಾನೆ, ಪುಣ್ಯಾತ್ಮ,” ಎಂದ ಪುರಾಣ.

ಡಾಂಬರು ಸಿಕ್ಕಿದಲ್ಲಿಗೆ ಗೆರೆ ಮುಗಿಯಿತು. ಮಧ್ಯಾಹ್ನವೆಲ್ಲ ಇಬ್ಬರು ಕಾನ್‌ಸ್ಟೇಬಲ್‌ಗಳು ಊರಿನ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳನ್ನೆಲ್ಲ ಸುತ್ತಿದರು. ಎಲ್ಲ ಕಡೆ ಟ್ರಾಲಿಗೆ ರಬ್ಬರ್ ಗಾಲಿ. ಕಬ್ಬಿಣದ ಗಾಲಿ ಇದ್ದದ್ದು ಎರಡೇ ಕಡೆ: ಒಂದು ಗಾಲಿ ಮುರಿದು ಮೂಲೆಗೆ ಬಿದ್ದಿತ್ತು, ಇನ್ನೊಂದು, ಲೇತ್ ಯಂತ್ರದಲ್ಲಿ ಲೋಹ ಕಡಿದು ಬಿಡಿಭಾಗ ಮಾಡಿಕೊಡುವ ಲೇತ್ ಮಾವನ ಅಂಗಡಿಯದು.

ಹೆಸರು ಕೇಳಿ ಚಾಲಕಿ ಉರಿದೆದ್ದಳು. “ಅವರಾ? ನನ್ನ ತಾಯಿಯ ಖಾಸಾ ತಮ್ಮ ಮೇಡಂ. ಊರಿಗೆಲ್ಲ ಲೇತ್ ಮಾವ ಆಗಿದ್ದು ಆಮೇಲೆ, ಮೊದಲು ನನಗೆ ಮಾವ. ನನಗೆ ಲೇತ್ ಹಿಡಿಯೋದು ಕಲಿಸಿದವರೇ ಅವರು. ಆ ಸ್ಪೇಸರ್ ಕಡಿದು ಕೊಟ್ಟವರೂ ಅವರೇ. ನನ್ನ ಗಾಡಿ ಬೇಕಂದ್ರೆ ಕೇಳಿದ್ರೆ ಸಾಕು, ಕೊಡ್ತಿದ್ದೆ.”

“ಹಾಗಾದ್ರೆ ನಿಮಗೆ ಯಾರ ಮೇಲೆ ಅನುಮಾನ?”

“ಬಂಕ್ ಮರಿ ಮೇಲೆ.”

ಪೆಟ್ರೋಲ್ ಬಂಕ್ ಮಾಲೀಕನ ಏಕಮಾತ್ರ ಪುತ್ರನನ್ನು ಊರು ಕರೆಯುತ್ತಿದ್ದದ್ದು ಹಾಗೆ. ಮರಿಗೆ ಈಗ ಇಪ್ಪತ್ತೆಂಟು ವರ್ಷ. ಹೋದ ಸಲದ ರೇಸಿನಲ್ಲಿ ಕೊನೆಯ ತಿರುವಿನಲ್ಲಿ ಅವನನ್ನು ಹಿಂದೆ ಹಾಕಿದವಳು ಚಾಲಕಿ. ಅಂದಿನಿಂದ ಅವನು ಅವಳ ಬಸ್ಸಿಗೂ ದಾರಿ ಬಿಡುತ್ತಿರಲಿಲ್ಲ.

ಶುಕ್ರವಾರ ಬಂಕಿನ ಹಿಂದಿನ ಗ್ಯಾರೇಜಿನಲ್ಲಿ ವಿಚಾರಣೆ ನಡೆಯಿತು. ಗೋಡೆಗೆ ಬಿಳಿ ಹೆಂಚು, ನೆಲ ಕನ್ನಡಿಯ ಹಾಗೆ. ನಟ್ಟನಡುವೆ ಬಂಕ್ ಮರಿಯ ನೀಲಿ ಕ್ವಾಡ್, ಮದುವಣಗಿತ್ತಿಯ ಹಾಗೆ ನಿಂತಿತ್ತು.

“ಬುಧವಾರ ರಾತ್ರಿ ಎಲ್ಲಿದ್ರಿ?”

“ಬಂಕಲ್ಲೇ. ಕ್ಯಾಮೆರಾ ಇದೆ, ನೋಡ್ಕೊಳ್ಳಿ. ಅವಳ ಗಾಡಿ ನನಗೆ ಯಾಕೆ ಮೇಡಂ? ಗುಜರಿ ಅದು.”

“ಗುಜರಿ ನಿಮ್ಮನ್ನ ಹಿಂದೆ ಹಾಕ್ತಂತಲ್ಲ.”

ಬಂಕ್ ಮರಿಯ ಕಿವಿ ಕೆಂಪಾಯಿತು. “ಅದಕ್ಕೇ ಅವಳು ಬರ್ಬೇಕು ಅಂತೀನಿ. ಅವಳಿಲ್ಲದ ರೇಸು ಗೆದ್ರೆ ಜನ ಏನಂತಾರೆ? ಗಾಡಿ ಕದ್ದಿದಾನೆ ಅಂತಾರೆ. ಆಗಲೇ ಅಂತಿದಾರೆ. ದಯವಿಟ್ಟು ಹುಡುಕಿಕೊಡಿ ಮೇಡಂ, ನನ್ನ ಮಾನ ಉಳೀಲಿ.”

ಅವನ ಮಾತು ಇನ್‌ಸ್ಪೆಕ್ಟರಿಗೆ ನಂಬುವ ಹಾಗೆ ಕಂಡಿತು. ಹೊರಡುವ ಮುನ್ನ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಚಕ್ರದ ಒಳಗೆ ಏನೋ ಫಳಫಳ ಹೊಳೆಯಿತು.

“ಇದು ಸ್ಪೇಸರ್ ಅಲ್ವಾ?”

“ಹೌದು. ಉಳಿದಿದ್ದೆಲ್ಲ ಹೊರದೇಶದ್ದು. ಸ್ಪೇಸರ್ ಬರೋದು ತಡವಾಯ್ತು ಅಂತ ಲೇತ್ ಮಾವನ ಹತ್ರ ಮಾಡಿಸಿದ್ದೆ. ಹೋದ ವಾರ ಅವರೇ ಬಂದು ಹಳೇದನ್ನ ಬಿಚ್ಚಿಕೊಂಡು ಹೊಸದು ಹಾಕಿಹೋದ್ರು. ‘ಹೊಳಪು ಚೆನ್ನಾಗಿದೆ, ನಿನ್ನ ಗಾಡಿಗೆ ಒಪ್ಪುತ್ತೆ’ ಅಂದ್ರು.”

“ಎಷ್ಟು ತಗೊಂಡ್ರು?”

“ಏನೂ ಇಲ್ಲ. ಬಿಟ್ಟಿ.”

ಜೀಪಿನಲ್ಲಿ ಕೂತ ಮೇಲೆ ಇನ್‌ಸ್ಪೆಕ್ಟರ್ ಚಾಲಕಿಗೆ ಫೋನು ಮಾಡಿದಳು. “ನಿಮ್ಮ ಮಾವ ಯಾರಿಗಾದರೂ ಏನನ್ನಾದರೂ ಬಿಟ್ಟಿ ಕೊಟ್ಟಿದ್ದು ನೋಡಿದೀರಾ?”

ಆ ಕಡೆಯಿಂದ ನಗು ಬಂತು. “ಮೇಡಂ, ನನ್ನ ಮದುವೆಗೆ ಕಬ್ಬಿಣದ ಮಂಚ ಮಾಡಿಕೊಟ್ಟು, ಸಾಗಾಟದ ಬಿಲ್ಲನ್ನ ನನ್ನ ಗಂಡನ ಕೈಗೆ ಕೊಟ್ಟ ಮನುಷ್ಯ ಅದು.”

ಇನ್‌ಸ್ಪೆಕ್ಟರ್ ನಗಲಿಲ್ಲ.

ಶನಿವಾರ ಬೆಳಿಗ್ಗೆ ಶೋಧನೆ. ಲೇತ್ ಮಾವನ ಅಂಗಡಿ ಉದ್ದನೆಯ, ಕತ್ತಲೆಗವಿದ ಕೋಣೆ; ಗಾಳಿಯಲ್ಲಿ ಯಂತ್ರ ತಣಿಸುವ ಕೂಲಂಟ್ ನೀರಿನ ಹುಳಿವಾಸನೆ, ನೆಲದ ಮೇಲೆ ಬುಗುರಿದಾರದ ಹಾಗೆ ಸುರುಳಿ ಸುತ್ತಿಕೊಂಡ ಲೋಹದ ಸಿಪ್ಪೆ. ಅರವತ್ತು ದಾಟಿದ ಒಣಕಲು ಮನುಷ್ಯ ಯಂತ್ರದ ಮುಂದೆ ನಿಂತಿದ್ದ. ಪೊಲೀಸರನ್ನೂ ಪಂಚರನ್ನೂ ಕಂಡು ಯಂತ್ರ ನಿಲ್ಲಿಸಿದ, ಓಡಲಿಲ್ಲ. ಕೈಯೊರೆಸಿಕೊಂಡ.

“ಹಿಂದಿನ ಕೋಣೆ ತೆಗೀರಿ.”

“ಅರ್ಧ ಗಂಟೆ ಬಿಟ್ಟು ಬರಬಹುದಿತ್ತು. ಎಡಗಡೆ ಚಕ್ರ ಇನ್ನೂ ಕೂರಿಸಿಲ್ಲ,” ಎಂದ ಲೇತ್ ಮಾವ.

ಕೆಂಪು ಕ್ವಾಡ್ ಸ್ಟ್ಯಾಂಡಿನ ಮೇಲಿತ್ತು. ಮಣ್ಣು ತೊಳೆದಿತ್ತು. ಚೈನಿಗೆ ಎಣ್ಣೆ ಬಿಟ್ಟಿತ್ತು. ಹ್ಯಾಂಡಲ್ಲಿನ ಹರಿದ ಹಿಡಿಗೂ ಹೊಸ ರಬ್ಬರ್ ಬಂದಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಹಲವು ಕಳವಿನ ವಾಹನಗಳನ್ನು ಜಪ್ತಿ ಮಾಡಿದ್ದಳು. ಕದ್ದ ಮೇಲೆ ಉದ್ಧಾರವಾದ ವಾಹನವನ್ನು ಕಂಡದ್ದು ಇದೇ ಮೊದಲು.

ಗುರುತು ಹಿಡಿಯಲು ಚಾಲಕಿಯನ್ನು ಕರೆಸಿದರು. ಬಂದವಳು ಗಾಡಿಯನ್ನು ನೋಡಿದಳು, ಮಾವನನ್ನು ನೋಡಿದಳು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಕೆಲಸದ ಮೇಜಿನ ಮೇಲೆ ನಾಲ್ಕು ಬಿಲ್ಲೆಗಳಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬೋಲ್ಟಿನ ತೂತಿನಿಂದ ಅಂಚಿನ ತನಕ ಕೂದಲೆಳೆಯಷ್ಟು ಸೀಳು.

“ಮಾವ, ಇದು ನಂದು.”

“ಹೂಂ.”

“ತಿರುವಿನಲ್ಲಿ ಬಿಟ್ಟುಕೊಂಡಿದ್ರೆ ಚಕ್ರವೇ ಕಳಚಿ ಹೋಗ್ತಿತ್ತು.”

“ಹೂಂ.”

ಇನ್‌ಸ್ಪೆಕ್ಟರ್ ಸ್ಟೂಲೆಳೆದು ಕೂತಳು. “ಮೊದಲಿಂದ ಹೇಳಿ.”

“ಹೇಳೋದೇನಿದೆ? ಒಂದು ಅಲ್ಯೂಮಿನಿಯಂ ಸರಳು ತಂದಿದ್ದೆ. ಒಳ್ಳೇದು ಅಂದ್ಕೊಂಡೆ. ಅದರಿಂದ ಸ್ಪೇಸರ್ ಕಡಿದೆ. ಹದಿನೈದು ದಿನದ ಹಿಂದೆ ಉಳಿದ ತುಂಡನ್ನ ಬೇರೆ ಕೆಲಸಕ್ಕೆ ಹಿಡಿದೆ, ಬಿಸ್ಕತ್ತಿನ ಹಾಗೆ ಪುಡಿಯಾಯ್ತು. ಎರಕದ ಮಾಲು. ನೋಡದೆ ಕಡಿದಿದ್ದೆ.”

“ಬಂಕ್ ಮರಿಗೆ ಹೊಸದು ಹಾಕಿಕೊಟ್ರಲ್ಲ. ಇವರಿಗೂ ಹಾಗೇ ಮಾಡಬಹುದಿತ್ತು.”

“ಅವನಿಗೇನು, ಹೊಳೆಯೋದು ಕೊಟ್ರೆ ಸಾಕು. ಇವಳು?” ಲೇತ್ ಮಾವ ಸೋದರ ಸೊಸೆಯ ಕಡೆ ಗದ್ದ ತಿರುಗಿಸಿದ. “ಇವಳು ಅಳತೆಗಾರ್ತಿ. ಬದಲಾಯಿಸ್ತೀನಿ ಕೊಡು ಅಂದ್ರೆ ‘ಯಾಕೆ’ ಅಂತಾಳೆ. ನಾನೇ ಕಲಿಸಿದ್ದು, ಯಾಕೆ ಅಂತ ಕೇಳದೆ ಒಂದು ನಟ್ಟೂ ಬಿಚ್ಚಬೇಡ ಅಂತ.”

“ಶೆಡ್ಡಲ್ಲೇ ಬದಲಾಯಿಸಿ ಬರಬಹುದಿತ್ತಲ್ಲ?”

“ಗೋಡೆಯಾಚೆ ಅವಳ ಮಂಚ. ಪಾನಾ ಬಿದ್ದ ಸದ್ದಿಗೇ ಎಂಥ ಪಾನಾ ಅಂತ ಹೇಳೋ ಕಿವಿ ಅದು. ಶಟರ್ ಕೂರಿಸಿದವನು ನಾನು, ಬೀಗ ತೆಗೆಯೋದು ಕಷ್ಟ ಆಗಲಿಲ್ಲ. ಇವತ್ತು ಮಧ್ಯಾಹ್ನ ಮೈದಾನದ ಬೇಲಿ ಹತ್ರ ನಿಲ್ಲಿಸಿ ಬಂದುಬಿಡೋದು ಅಂತಿದ್ದೆ. ಕಳ್ಳ ಹೆದರಿ ಬಿಟ್ಟುಹೋದ ಅಂದ್ಕೊಳ್ಳಲಿ ಅಂತ.”

ಪುರಾಣ ಪಂಚನಾಮೆ ಬರೆಯುತ್ತ ಗಟ್ಟಿಯಾಗಿ ಓದಿದ: “‘ಮೇಜಿನ ಮೇಲೆ ಆರೋಪಿಯೇ ತಯಾರಿಸಿದ ಕಳಪೆ ಸ್ಪೇಸರುಗಳು ನಾಲ್ಕು…’”

“ಏಯ್,” ಎಂದ ಲೇತ್ ಮಾವ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ದನಿ ಏರಿತು. “ಕಳ್ಳ ಅಂತ ಬೇಕಾದ್ರೆ ಹತ್ತು ಕಡೆ ಬರ್ಕೋ. ಆ ಪದ ಬೇಡ.”

ಇನ್‌ಸ್ಪೆಕ್ಟರ್ ನಾಲ್ಕು ಬಿಲ್ಲೆಗಳನ್ನು ದಿಟ್ಟಿಸುತ್ತಿದ್ದಳು. ಗಾಡಿಗೆ ಎರಡು. ಇವಳದು ಎರಡು, ಬಂಕ್ ಮರಿಯದು ಎರಡು. ಲೆಕ್ಕ ಸರಿಯಾಗಿತ್ತು. ಕೆಂಪು ಗಾಡಿಯ ಅಚ್ಚಿಗೂ ಹೊಸ ಜೊತೆ ಆಗಲೇ ಕೂತಿತ್ತು. ಆದರೆ ಮೇಜಿನ ತುದಿಯಲ್ಲಿ ಉಕ್ಕಿನ ಇನ್ನೊಂದು ಹೊಸ ಜೊತೆ, ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟದ್ದು, ಯಾವ ಗಾಡಿಗೂ ಸೇರದೆ ಕೂತಿತ್ತು.

“ಆ ಸರಳಿನಿಂದ ಒಟ್ಟು ಎಷ್ಟು ಕಡಿದ್ರಿ?”

ಲೇತ್ ಮಾವ ಎಣ್ಣೆಬಟ್ಟೆಯ ಅಂಚನ್ನು ಎಳೆದು ಸರಿಮಾಡಿದ.

“ಎಷ್ಟು ಅಂದೆ.”

“ಆರು.”

“ಇನ್ನೆರಡು?”

“ಯಾರೋ ಬಂದಿದ್ದ. ಬೇರೆ ಊರಿನವನು. ಈ ರೇಸಿಗೆ ಬರ್ತೀನಿ ಅಂತ ಹೇಳಿದ್ದ. ಹೆಸರು ಕೇಳಲಿಲ್ಲ, ಮುಖ ಸರಿಯಾಗಿ ನೆನಪಿಲ್ಲ. ಮೈದಾನಕ್ಕೆ ಹೋಗಿ ಒಂದೊಂದೇ ಗಾಡಿ ಬಗ್ಗಿ ನೋಡಿ, ಸದ್ದಿಲ್ಲದೆ…”

“ಅರವತ್ತು ಗಾಡಿ ಬರ್ತಾವಂತೆ,” ಎಂದಳು ಚಾಲಕಿ. “ತಪಾಸಣೆ ಮುಗಿದ ತಕ್ಷಣ ಎಲ್ಲರೂ ಅಭ್ಯಾಸದ ಸುತ್ತಿಗೆ ಇಳೀತಾರೆ ಮಾವ. ಬಗ್ಗಿ ನೋಡೋಕೆ ಯಾರು ನಿಲ್ತಾರೆ?”

ಎಲ್ಲೋ ಒಬ್ಬ ಮನುಷ್ಯ, ಹೆಸರಿಲ್ಲದವನು, ಒಡೆದ ಬಿಲ್ಲೆಯ ಮೇಲೆ ಚಕ್ರ ಬಿಗಿದುಕೊಂಡು ಮೈದಾನದ ಕಡೆ ಬರುತ್ತಿದ್ದ.

“ಧ್ವನಿವರ್ಧಕದಲ್ಲಿ ಹೇಳಿಸೋಣ,” ಎಂದಳು ಇನ್‌ಸ್ಪೆಕ್ಟರ್. “ನಾನು ಹೇಳ್ತೀನಿ. ಇಲ್ಲಾ ನಿಮ್ಮ ಸೊಸೆ ಹೇಳಲಿ.”

“ನಾನು ಹೇಳ್ತೀನಿ,” ಎಂದಳು ಚಾಲಕಿ. “ನಿಮ್ಮ ಹೆಸರು ಹೇಳಲ್ಲ ಮಾವ. ಬರೀ ಸ್ಪೇಸರ್ ಬಿಚ್ಚಿ ನೋಡಿ ಅಂತೀನಿ.”

ಲೇತ್ ಮಾವ ಬಹಳ ಹೊತ್ತು ಕೈಯನ್ನು ಒರೆಸಿದ್ದೇ ಒರೆಸಿದ್ದು. ಆ ಕೈಯಲ್ಲಿ ಒರೆಸುವಂಥದ್ದು ಆಗಲೇ ಏನೂ ಉಳಿದಿರಲಿಲ್ಲ.

“ಹೆಸರಿಲ್ಲದೆ ಹೇಳಿದ್ರೆ ಯಾರು ಬಿಚ್ತಾರೆ? ಎಲ್ಲರೂ ಪಕ್ಕದವನದು ಅಂದ್ಕೋತಾರೆ. ನಿನ್ನ ಬಾಯಿಂದ ಬೇಡ. ಕಡಿದವನು ನಾನು, ಕೂಗೋನೂ ನಾನೇ.” ಎಣ್ಣೆಬಟ್ಟೆಯ ಗಂಟನ್ನು ಎತ್ತಿಕೊಂಡ. “ಆ ಎಡಗಡೆ ಚಕ್ರ ನೀನು ಕೂರಿಸು. ನಟ್ಟು ಎದುರುಬದುರು ಬಿಗಿ, ಸಾಲಾಗಿ ಸುತ್ತಾ ಬಿಗೀಬೇಡ.”

“ಕೂರಿಸೋ ಹಾಗಿಲ್ಲ,” ಎಂದ ಪುರಾಣ, ಮೆಲ್ಲಗೆ. “ಅದು ಈಗ ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟಿನ ಅಪ್ಪಣೆ ಇಲ್ಲದೆ ಅಲ್ಲಾಡಿಸೋ ಹಾಗಿಲ್ಲ. ಸೋಮವಾರ ಅರ್ಜಿ ಕೊಟ್ರೆ…” ಮಾತು ಅರ್ಧಕ್ಕೆ ನುಂಗಿ ಚಾಲಕಿಯ ಮುಖ ನೋಡಿದ. “ಒಂದು ವೇಳೆ ಗಾಡಿಯನ್ನ ನೀವೇ ರಿಪೇರಿಗೆ ಕೊಟ್ಟು ಮರೆತಿದ್ರೆ… ಮನುಷ್ಯರಿಗೆ ಮರೆವು ಸಹಜ. ನಮ್ಮ ಭಾವ ಒಂದ್ಸಲ…”

ಅವಳಿಗೆ ಅರ್ಥವಾಯಿತು. ಮಾವನೂ ಹೊರಗೆ, ಗಾಡಿಯೂ ರೇಸಿಗೆ. ಅವಳ ತುಟಿ ಅಲುಗಿತು.

“ಹೇಳಬೇಡ,” ಎಂದ ಲೇತ್ ಮಾವ. “ಒಂದು ಸುಳ್ಳು ಮುಚ್ಚೋಕೆ ಹೋಗಿ ನಾನು ಇಲ್ಲಿ ನಿಂತಿದೀನಿ. ನೀನು ಇನ್ನೊಂದು ಕಡೀಬೇಡ.”

ಇನ್‌ಸ್ಪೆಕ್ಟರ್ ಪುರಾಣನ ಕಡೆ ಒಂದು ನೋಟ ಬಿಟ್ಟಳು. ಅವನು ಭಾವನ ಕತೆಯನ್ನು ಅಲ್ಲಿಗೇ ಮುಗಿಸಿದ. ಠಾಣೆಯ ಇತಿಹಾಸದಲ್ಲಿ ಅವನ ಅತಿ ಚಿಕ್ಕ ಕತೆ ಅದು.

ಮೈದಾನ ತಲುಪಿದಾಗ ಮಧ್ಯಾಹ್ನ ಮೂರು. ಗಾಡಿಗಳು ಸಾಲುಗಟ್ಟಿದ್ದವು, ಕೆಲವು ಆಗಲೇ ಗುಡುಗುಡು ಅನ್ನುತ್ತಿದ್ದವು. ಇನ್‌ಸ್ಪೆಕ್ಟರ್ ಹೇಳಿದ ಮೇಲೆ ಆಯೋಜಕ ಎಲ್ಲರ ಎಂಜಿನ್ ಆಫ್ ಮಾಡಿಸಿದ, ಮೈಕನ್ನು ಲೇತ್ ಮಾವನ ಕೈಗೆ ಕೊಟ್ಟ. ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಒಣಕಲು ಮುದುಕ ಬೆನ್ನು ನೆಟ್ಟಗೆ ಮಾಡಿ ನಿಂತ.

“ನಾನು ಲೇತ್ ಕೆಲಸದವನು. ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಅಂಗಡಿ ಗೊತ್ತು. ನನ್ನ ಕೈಯಿಂದ ಮೂರು ಜೊತೆ ಸ್ಪೇಸರ್ ಕೆಟ್ಟದ್ದು ಹೋಗಿದಾವೆ. ಸರಳು ಕಳಪೆ. ನೋಡದೆ ಕಡಿದ ನಾನೂ ಆ ದಿನದ ಮಟ್ಟಿಗೆ ಕಳಪೆ. ಎರಡು ಜೊತೆ ವಾಪಸು ತಗೊಂಡಿದೀನಿ, ಒಂದು ಜೊತೆಗೋಸ್ಕರ ಕಳ್ಳನೂ ಆಗಿದೀನಿ. ಮೂರನೇದು ಇಲ್ಲಿದೆ. ಅದನ್ನ ಬಿಚ್ಚಿ ನನ್ನ ಕೈಗೆ ಕೊಡೋವರೆಗೆ ಯಾರೂ ಗಾಡಿ ಹತ್ತಬೇಡಿ.”

ಎಲ್ಲರೂ ಬಗ್ಗಿ ತಂತಮ್ಮ ಹಿಂದಿನ ಚಕ್ರ ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಹಸಿರು ಹೆಲ್ಮೆಟ್ಟಿನ ಒಬ್ಬ ಕೈಯೆತ್ತಿದ. “ಮಾವ, ನಂದಿರಬೇಕು.”

ಚಕ್ರ ಬಿಚ್ಚಿದವಳು ಚಾಲಕಿ. ಸ್ಪೇಸರ್ ಹೊರಗೆ ಬಂದಾಗ ಒಂದಾಗಿರಲಿಲ್ಲ. ಎರಡು ತುಂಡಾಗಿ ಅವಳ ಅಂಗೈಗೆ ಬಿತ್ತು. ಹಸಿರು ಹೆಲ್ಮೆಟ್ಟಿನವನು ಇನ್ನೊಂದು ಚಕ್ರದ ನಟ್ಟಿಗೆ ತಾನೇ ಪಾನಾ ಹಾಕಿದ. ಲೇತ್ ಮಾವ ಎಣ್ಣೆಬಟ್ಟೆ ಬಿಚ್ಚಿ ಉಕ್ಕಿನ ಜೊತೆಯನ್ನು ಸೊಸೆಯ ಕೈಗಿಟ್ಟ. ಅವಳು ಕೂರಿಸಿದಳು, ಅವನು ನಿಂತು ನೋಡಿದ. ಒಂದೇ ಒಂದು ಕಡೆಯೂ ತಿದ್ದಬೇಕಾಗಿ ಬರಲಿಲ್ಲ.

ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಬಂಕ್ ಮರಿ ತನ್ನ ನೀಲಿ ಗಾಡಿಯನ್ನು ತಳ್ಳಿಕೊಂಡು ಬಂದ. “ಮಾವ, ಹೊರದೇಶದ ಸಾಮಾನನ್ನೂ ಒಮ್ಮೆ ಮುಟ್ಟಿ ನೋಡಿ.” ಅವನ ಹಿಂದೆ ಮತ್ತೊಬ್ಬ, ಅವನ ಹಿಂದೆ ಇನ್ನೊಬ್ಬ. ಮೈಕಿನಲ್ಲಿ ತನ್ನ ಕೆಲಸ ಕೆಟ್ಟದ್ದು ಎಂದು ಹೇಳಿಕೊಂಡವನ ಮುಂದೆ ಸಾಲು ಬೆಳೆಯಿತು. ಆರೋಪಿಯ ಎರಡೂ ಬದಿಗಿದ್ದ ಕಾನ್‌ಸ್ಟೇಬಲ್‌ಗಳಲ್ಲಿ ಒಬ್ಬ ಪಾನಾ ಹಿಡಿದಿದ್ದ, ಇನ್ನೊಬ್ಬ ಟಾರ್ಚು. ಚಾಲಕಿ ಸಾಲಿನ ತುದಿಯಲ್ಲಿ ಕೂಗುತ್ತಿದ್ದಳು: “ನೂಕಬೇಡಿ! ಒಬ್ಬೊಬ್ಬರೇ! ನಮ್ಮ ಮಾವ ಅವರು, ಸಾವಧಾನವಾಗಿ ನೋಡ್ತಾರೆ.”

ತಪಾಸಣೆಯ ಹೊತ್ತು ಮೀರಿ ಅವಳ ಹೆಸರನ್ನು ಪಟ್ಟಿಯಿಂದ ತೆಗೆದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಐದೂಕಾಲಕ್ಕೆ, ಸಾಲು ಕರಗಿದ ಮೇಲೆ, ಇನ್‌ಸ್ಪೆಕ್ಟರ್ ಲೇತ್ ಮಾವನ ತೋಳು ಮುಟ್ಟಿ ದಸ್ತಗಿರಿ ಮಾಡಿದಳು. ಕಾರಣ ತಿಳಿಸಿದಳು. ಹತ್ತಿರದ ಸಂಬಂಧಿಗೆ ಮಾಹಿತಿ ಕೊಡಬೇಕೆಂಬ ನಿಯಮವಿತ್ತು. ಹತ್ತಿರದ ಸಂಬಂಧಿ ಫಿರ್ಯಾದಿಯೇ ಆಗಿದ್ದಳು. ಅವಳು ಸಹಿ ಹಾಕಿ, “ಸೋಮವಾರ ಜಾಮೀನಿಗೆ ಬರ್ತೀನಿ, ಬಸ್ಸಲ್ಲೇ,” ಎಂದಳು.

ಜೀಪು ಹೊರಟಿತು. ಮುಂದಿನ ಸೀಟಿನಲ್ಲಿ ಪುರಾಣ ತಲೆ ಕೆರೆದುಕೊಂಡ. “ಮೇಡಂ, ಕಳವಿನ ಉದ್ದೇಶ ಅಂತ ಬರೀಬೇಕಲ್ಲ. ಏನಂತ ಬರೀಲಿ? ಲಾಭ ಇಲ್ಲ, ದ್ವೇಷ ಇಲ್ಲ.”

ಇನ್‌ಸ್ಪೆಕ್ಟರ್ ಕಿಟಕಿಯಾಚೆ ನೋಡುತ್ತಿದ್ದಳು. “ಶಿಷ್ಯೆಯ ಕಣ್ಣಲ್ಲಿ ಸಣ್ಣವನಾಗೋ ಭಯ ಅಂತ ಬರೀರಿ.”

“ಅದಕ್ಕೆ ಕಲಂ ಇಲ್ಲ ಮೇಡಂ.”

“ಕಲಂ ಕೇಳಲಿಲ್ಲ ನೀವು. ಉದ್ದೇಶ ಕೇಳಿದ್ರಿ.”

ಬೇಲಿಯಾಚೆ ಹಸಿರು ಹೆಲ್ಮೆಟ್ಟಿನವನು ಅಭ್ಯಾಸದ ಸುತ್ತಿಗೆ ಇಳಿದಿದ್ದ. ಹಿಂದಿನ ಸೀಟಿನಲ್ಲಿ ಲೇತ್ ಮಾವ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದ. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟ.

“ಚೈನು ಜಾಸ್ತಿ ಬಿಗಿ ಆಗಿದೆ. ನಾಲ್ಕು ಸುತ್ತಿಗೆ ಹರಿಯುತ್ತೆ.”

ಇನ್‌ಸ್ಪೆಕ್ಟರ್ ಜೀಪು ನಿಲ್ಲಿಸಲು ಹೇಳಿದಳು. ಟೋಪಿಯನ್ನು ಕೈಯಲ್ಲಿ ಹಿಡಿದು, ಹೊಟ್ಟೆ ಕುಲುಕಿಸುತ್ತ, ಆರೋಪಿಯ ಮಾತನ್ನು ಹೊತ್ತುಕೊಂಡು ಪುರಾಣ ಮೈದಾನದ ಕಡೆ ಓಡಿದ.